ನಿಮಿಷಕ್ಕೆ ಹದಿನೆಂಟು ಉಸಿರು

ಸೋದರತ್ತೆ ಸಾಯುವಾಗ ಮನೆಯನ್ನು ನಾಯಿಗೆ ಬಿಟ್ಟುಹೋದಳು. ಒಂಬತ್ತು ವರ್ಷ ಅವಳಿಗೆ ಮಾತ್ರೆ ತಂದುಕೊಟ್ಟವನು, ಕಳೆದುಹೋದ ಕನ್ನಡಕವನ್ನು ಅವಳ ತಲೆಯ ಮೇಲೆಯೇ ಹುಡುಕಿಕೊಟ್ಟವನು, ಒಂದೇ ಕತೆಯನ್ನು ನೂರು ಸಲ ಕೇಳಿ ನೂರು ಸಲವೂ ‘ಆಮೇಲೆ?’ ಎಂದವನು ಅವಳ ಅಣ್ಣನ ಮಗ. ಆದರೆ ಮನೆ ನಾಯಿಗೆ. ಇದನ್ನು ನೆನೆದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು, ಅದರಲ್ಲಿ ತಪ್ಪೇನೂ ಇಲ್ಲ.

ಉಯಿಲು ಓದಿದ್ದು ಅತ್ತೆಯ ವಕೀಲರು. ನಾಯಿ ಬದುಕಿರುವವರೆಗೆ ಅಣ್ಣನ ಮಗನೂ ಅವನ ಹೆಂಡತಿಯೂ ಇದೇ ಮನೆಯಲ್ಲಿದ್ದು ಅದನ್ನು ನೋಡಿಕೊಳ್ಳತಕ್ಕದ್ದು. ನಾಯಿಯ ನಂತರ ಮನೆ ಗತಿಯಿಲ್ಲದ ಪ್ರಾಣಿಗಳ ಆಶ್ರಮಕ್ಕೆ ಸೇರತಕ್ಕದ್ದು. ಪ್ರತಿ ತಿಂಗಳ ಮೊದಲ ಶನಿವಾರ ವಕೀಲರು ಖುದ್ದಾಗಿ ಬಂದು ನಾಯಿಯನ್ನು ಕಣ್ಣಾರೆ ನೋಡತಕ್ಕದ್ದು.

“ಅಂದ್ರೆ ನಾವು ನಾಯಿ ಮನೇಲಿ ಬಾಡಿಗೆಗೆ ಇರೋರು,” ಎಂದಳು ಹೆಂಡತಿ.

ವಕೀಲರು ನ್ಯಾಯವಾಗಿಯೇ ಯೋಚಿಸಿದರು. “ಬಾಡಿಗೆಯೋರಿಗೆ ಇಷ್ಟೊಂದು ಷರತ್ತು ಇರಲ್ಲಮ್ಮ,” ಎಂದರು.

ನಾಯಿಯ ಹೆಸರು ದೊರೆ. ಕರಡಿಮರಿಯಷ್ಟು ದಪ್ಪ, ಬಿಳಿ ಬಣ್ಣ, ಹದಿಮೂರು ವರ್ಷ. ಕಿಟಕಿಯ ಪಕ್ಕದ ದೊಡ್ಡ ಸೋಫಾದ ಮೇಲೆ ಮೆತ್ತೆ ಹಾಸಿಕೊಂಡು ಬಿದ್ದಿರುತ್ತಿತ್ತು. ಹೆಂಡತಿಯ ಕೈಯಿಂದ ಊಟ, ಸ್ನಾನ, ಬಾಚಣಿಗೆ ಎಲ್ಲ ಮಾಡಿಸಿಕೊಳ್ಳುತ್ತಿತ್ತು. ಅವನು ಹತ್ತಿರ ಬಂದರೆ ಮಾತ್ರ ಗುರ್ ಎನ್ನುತ್ತಿತ್ತು. ಅವನ ಮೈಯಿಂದ ಬರುತ್ತಿದ್ದ ವಾಸನೆಯಿಂದ ಅವನ ಕಸುಬು ಏನೆಂದು ಅದಕ್ಕೆ ಗೊತ್ತಾಗಿತ್ತೋ ಏನೋ.

ಅವನ ಕೆಲಸ ಪಶುವೈದ್ಯ ಕಾಲೇಜಿನಲ್ಲಿ. ಸತ್ತ ನಾಯಿ, ಆಡು, ಕರುಗಳನ್ನು ಕೆಡದಂತೆ ಕಾಪಾಡಿ ಶಸ್ತ್ರಚಿಕಿತ್ಸೆ ಕಲಿಯುವ ವಿದ್ಯಾರ್ಥಿಗಳ ಮೇಜಿಗೆ ಒದಗಿಸುವುದು. ಹಗಲೆಲ್ಲ ಉಪ್ಪುನೀರಿನ ತೊಟ್ಟಿಗಳ ನಡುವೆ ಓಡಾಡುವ ಅವನಿಗೆ ವಿದ್ಯಾರ್ಥಿಗಳು ಉಪ್ಪಿನಕಾಯಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಬರೀ ಫಾರ್ಮಲಿನ್ ಹಾಕಿದರೆ ದೇಹ ಹಲಗೆಯಾಗುತ್ತದೆ. ಅವನ ಮದ್ದು ಬೇರೆ. ಕುತ್ತಿಗೆಯ ರಕ್ತನಾಳದಿಂದ ರಕ್ತವನ್ನೆಲ್ಲ ಇಳಿಸಿ, ಅದೇ ದಾರಿಯಲ್ಲಿ ಉಪ್ಪು, ಸ್ಪಿರಿಟ್, ಗ್ಲಿಸರಿನ್ ಮತ್ತು ಯಾರಿಗೂ ಹೇಳದ ಇನ್ನೆರಡು ವಸ್ತುಗಳನ್ನು ಹರಿಸುತ್ತಿದ್ದ. ಮೂರು ವಾರ ನೆನೆದು ಮೇಲೆದ್ದ ಪ್ರಾಣಿಯ ಮೊಣಕಾಲು ಮಡಚುತ್ತಿತ್ತು, ಚರ್ಮ ಎಳೆದರೆ ಎಳೆದಷ್ಟು ಬಂದು ಬಿಟ್ಟರೆ ಹಿಂದಕ್ಕೆ ಹೋಗುತ್ತಿತ್ತು. ಪಂಪು ಹಚ್ಚಿ ಕೆಂಪುನೀರು ಬಿಟ್ಟರೆ ಕೊಯ್ದಲ್ಲಿ ರಕ್ತ ಬಂದಂತೆ ಬರುತ್ತಿತ್ತು, ಎದೆಯೊಳಗೆ ಗಾಳಿಚೀಲ ಇಟ್ಟರೆ ಉಸಿರಾಡುತ್ತಿತ್ತು. ಹೊಸದಾಗಿ ಬಂದ ವಿದ್ಯಾರ್ಥಿನಿಯೊಬ್ಬಳು, “ಇದಕ್ಕೆ ಅರಿವಳಿಕೆ ಕೊಟ್ಟಿದ್ದೀರಾ ಸಾರ್?” ಎಂದು ಕೇಳಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಸಿಕ್ಕ ಬಹುಮಾನ ಅದೊಂದೇ.

ಬದುಕಿರುವ ಪ್ರಾಣಿಗಳಿಗೆ ಬೇರೆ ಕಟ್ಟಡವಿತ್ತು, ರಸ್ತೆಯ ಆಚೆಗೆ. ಅಲ್ಲಿಗೆ ಅವನು ಹೋದದ್ದು ಒಂದೇ ಸಲ, ಏಣಿ ಕೇಳುವುದಕ್ಕೆ.

ಅತ್ತೆ ಹೋದ ಒಂದೂವರೆ ವರ್ಷಕ್ಕೆ ದೊರೆ ಸತ್ತಿತು. ಸೋಮವಾರ ಮಧ್ಯಾಹ್ನ ಊಟ ಮುಗಿಸಿ, ತೇಗಿ, ಮೆತ್ತೆಯ ಮೇಲೆ ಎರಡು ಸುತ್ತು ಸುತ್ತಿ ಮಲಗಿದ್ದು ಮತ್ತೆ ಏಳಲಿಲ್ಲ. ಹೆಂಡತಿ ಅತ್ತಳು, ಮೂಗು ಒರೆಸಿಕೊಂಡಳು, ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿ ಪಾತ್ರೆ ತುಂಬತೊಡಗಿದಳು. ಇಲ್ಲಿಗೆ ಬರುವ ಮೊದಲು ಅವರಿದ್ದದ್ದು ಗ್ಯಾರೇಜಿನ ಹಿಂದಿನ ಒಂದೇ ಕೋಣೆಯಲ್ಲಿ. ಬಚ್ಚಲು ನಾಲ್ಕು ಮನೆಗೆ ಸೇರಿದ್ದು, ಕಿಟಕಿ ತೆರೆದರೆ ಎದುರಿನ ಗೋಡೆ. ಇಲ್ಲಿ ಅವಳದೇ ಬಚ್ಚಲಿತ್ತು, ಹಿತ್ತಲಲ್ಲಿ ಹುರುಳಿಕಾಯಿ ಬಳ್ಳಿ ಕಂಬ ಹತ್ತುತ್ತಿತ್ತು. ಮತ್ತೆ ಆ ಕೋಣೆಗೆ ಹೋಗಬೇಕೆಂದು ನೆನೆದರೇ ಅವನಿಗೆ ಉಸಿರು ಕಟ್ಟುತ್ತಿತ್ತು.

“ಪಾತ್ರೆ ಹೊರಗೆ ತೆಗೆ,” ಎಂದ ಅವನು. “ಎಲ್ಲೂ ಹೋಗೋದು ಬೇಡ.”

ಎರಡು ದಿನದ ಹಿಂದಷ್ಟೇ ವಕೀಲರು ಬಂದುಹೋಗಿದ್ದರು. ಮುಂದಿನ ಮೊದಲ ಶನಿವಾರಕ್ಕೆ ಇನ್ನೂ ನಾಲ್ಕು ವಾರವಿತ್ತು, ಅವನ ಮದ್ದಿಗೆ ಮೂರು ವಾರ ಸಾಕು. ಲೆಕ್ಕ ಎಷ್ಟು ಸರಿಹೋಯಿತೆಂದರೆ, ದೊರೆ ಬೇಕೆಂದೇ ದಿನ ನೋಡಿ ಸತ್ತಂತಿತ್ತು. ಜೀವವಿದ್ದಾಗ ಮಾಡದ ಉಪಕಾರವನ್ನು ಈಗ ಮಾಡಿತಲ್ಲ ಎಂದು ಅವನಿಗೆ ಮೊದಲ ಸಲ ಅದರ ಮೇಲೆ ಪ್ರೀತಿ ಬಂತು.

“ರೀ, ನಿಮಗೆ ತಲೆ ನೆಟ್ಟಗಿದೆ ತಾನೆ?” ಎಂದಳು ಹೆಂಡತಿ, ವಿಷಯ ಗೊತ್ತಾದ ಮೇಲೆ. “ಬದುಕಿರೋ ನಾಯಿ ಅಂದ್ರೆ ಏನು ಅಂತ ನಿಮಗೆ—”

“ಇದು ಕಸುಬಿನ ವಿಷಯ. ನಿನ್ನ ಕೆಲಸ ಕಾಫಿ ಮಾಡೋದು, ಬಾಯಿ ಮುಚ್ಕೊಂಡಿರೋದು.”

ಅವಳು ಬಾಯಿ ಮುಚ್ಚಿದಳು. ಮುಚ್ಚು ಎಂದರೆ ಪೂರ್ತಿ ಮುಚ್ಚುವ ಸ್ವಭಾವ ಅವಳದು.

ದೊರೆಯನ್ನು ಅವನು ಹಾಡಹಗಲೇ, ಕಾಲೇಜಿನ ಮುಂಬಾಗಿಲಿನಿಂದಲೇ ಒಳಗೆ ಒಯ್ದ. ಸತ್ತ ನಾಯಿಯನ್ನು ಹೊತ್ತುಕೊಂಡು ಬಾಗಿಲು ದಾಟಿದರೆ ಯಾರೂ ತಿರುಗಿ ನೋಡದಿರುವ ಜಾಗ ಊರಿನಲ್ಲಿ ಅದೊಂದೇ. ಕಾವಲುಗಾರ ನಮಸ್ಕಾರವನ್ನೂ ಮಾಡಿದ. ಮೂಲೆಯ ತೊಟ್ಟಿಗೆ ‘ಕರು, ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿ, ಇಪ್ಪತ್ತೆರಡು ವರ್ಷದ ವಿದ್ಯೆಯನ್ನೆಲ್ಲ ಆ ಒಂದು ದೇಹಕ್ಕೆ ಧಾರೆಯೆರೆದ. ಬೇರೆ ಪ್ರಾಣಿಗಳಿಗೆ ಒಂದು ಸಲ ಹರಿಸುವ ಮದ್ದನ್ನು ಇದಕ್ಕೆ ಮೂರು ಸಲ ಹರಿಸಿದ. ಕಿವಿಯ ಅಂಚು, ಅಂಗಾಲು, ಮೂಗಿನ ತುದಿ ಒಂದನ್ನೂ ಬಿಡಲಿಲ್ಲ.

ಮನೆಗೆ ತಂದ ಮೇಲೆ ಉಳಿದ ಏರ್ಪಾಡು. ಎದೆಯ ಗಾಳಿಚೀಲಕ್ಕೆ ತೆಳು ನಳಿಕೆ ಸೇರಿಸಿ, ಸೋಫಾದ ಹಿಂದೆ ಪರದೆಯ ಮರೆಯಲ್ಲಿ ಪಂಪು ಇಟ್ಟ. ಮಲಗಿದ ಮುದಿನಾಯಿಯ ಉಸಿರು ನಿಮಿಷಕ್ಕೆ ಎಷ್ಟೆಂದು ಪುಸ್ತಕ ನೋಡಿ ಹದಿನೆಂಟಕ್ಕೆ ತಿರುಗಿಸಿದ. ಹೊಟ್ಟೆಯ ಕೆಳಗೆ ಬಿಸಿನೀರಿನ ರಬ್ಬರ್ ಚೀಲ. ಮೂಗಿಗೆ ಗ್ಲಿಸರಿನ್. ಮದ್ದಿನ ವಾಸನೆ ಮುಚ್ಚಲು ದೊರೆಯ ಹಳೆಯ ಕಂಬಳಿ. ತಟ್ಟೆಯಲ್ಲಿ ಅರ್ಧ ತಿಂದುಳಿದ ಅನ್ನ, ಆ ಅರ್ಧವನ್ನು ಅವನೇ ತಿಂದಿದ್ದ. ಶುಕ್ರವಾರ ಸಂಜೆ ಕಾಗದದ ಚೀಲ ಹಿಡಿದು ಬೀದಿ ಸುತ್ತಿ, ಬೀದಿನಾಯಿಗಳು ಬಿಟ್ಟುಹೋದದ್ದರಲ್ಲಿ ಒಳ್ಳೆಯದೊಂದನ್ನು ಆರಿಸಿ ತಂದು ಹಿತ್ತಲಿನ ಬಾಗಿಲ ಬಳಿ ಇಟ್ಟ. ಒಬ್ಬ ಮನುಷ್ಯ ಮನೆಯೊಂದಕ್ಕಾಗಿ ಇಷ್ಟು ಕೆಳಗಿಳಿಯಬಹುದೇ ಎಂದು ಕೇಳುವವರು, ನಾಲ್ಕು ಮನೆಗೆ ಒಂದೇ ಬಚ್ಚಲಿರುವ ಕಡೆ ಇದ್ದು ನೋಡಬೇಕು.

ವಕೀಲರು ಬಂದರು. ಎಂದಿನಂತೆ ಸೋಫಾದಲ್ಲಿ ದೊರೆಯ ಪಕ್ಕಕ್ಕೇ ಕೂತರು, ಎಂದಿನಂತೆ ಅದರ ಬೆನ್ನಿನ ಮೇಲೆ ಕೈ ಇಟ್ಟರು.

“ಮೈ ಬಿಸಿಯಾಗಿದೆಯಲ್ಲ, ಜ್ವರವಾ?”

“ಬಿಸಿಲಲ್ಲಿ ಬಿದ್ಕೊಂಡಿತ್ತು ಸಾರ್. ವಯಸ್ಸಾಯ್ತು, ಇಡೀ ದಿನ ನಿದ್ದೆ.”

“ಪುಣ್ಯಾತ್ಮ,” ಎಂದು ವಕೀಲರು ಕಾಗದದಲ್ಲಿ ‘ಜೀವಂತ, ಶಾಂತ’ ಎಂದು ಬರೆದರು.

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಕೀಲುಗಳು ಮೆತ್ತಗಿದ್ದುದರಿಂದ ಒಂದು ತಿಂಗಳು ಎಡಮಗ್ಗುಲಿಗೆ, ಇನ್ನೊಂದು ತಿಂಗಳು ಬಲಮಗ್ಗುಲಿಗೆ, ಮತ್ತೊಮ್ಮೆ ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿಸಿದ. ಮೂರನೆಯ ತಿಂಗಳು ವಕೀಲರು ಕೂತಿದ್ದಾಗಲೇ ಕರೆಂಟು ಹೋಗಿ ದೊರೆಯ ಉಸಿರು ನಿಂತಿತು. ಅವನದೂ ನಿಂತಿತು. ವಕೀಲರು ಬಗ್ಗಿ ನೋಡಿ, “ನನಗೂ ನಿದ್ದೇಲಿ ಹೀಗೇ ಆಗತ್ತಂತೆ, ಹೆಂಡತಿ ಹೇಳ್ತಾಳೆ,” ಎಂದರು. ಕರೆಂಟು ಬಂತು, ದೊರೆ ಉಸಿರೆಳೆದುಕೊಂಡಿತು, ವಕೀಲರಿಗೆ ಸಮಾಧಾನವಾಯಿತು. ಮರುದಿನವೇ ಅವನು ಪಂಪಿಗೆ ಬ್ಯಾಟರಿ ಜೋಡಿಸಿದ.

ನಾಲ್ಕನೆಯ ತಿಂಗಳಿನಿಂದ ವಕೀಲರ ಮುಖ ಇಳಿಯತೊಡಗಿತು. ಬಂದವರು ಬೇಗ ಏಳುತ್ತಿರಲಿಲ್ಲ. ದೊರೆಯ ತಲೆ ಸವರುತ್ತ ಅದಕ್ಕೇ ಹೇಳಿಕೊಳ್ಳುತ್ತಿದ್ದರು: ಮನೆಯಲ್ಲಿ ಮಾತಿಲ್ಲ, ಏನು ತಪ್ಪು ಮಾಡಿದೆ ಅಂತ ಗೊತ್ತಿಲ್ಲ, ಶನಿವಾರ ಬಂದರೆ ಹೆಂಡತಿ ಕಣ್ಣು ಕೆಂಪು ಮಾಡುತ್ತಾಳೆ. “ನಡುವೆ ಬಾಯಿ ಹಾಕದೆ ಕೇಳೋನು ಇವನೊಬ್ಬನೇ ಮೇಷ್ಟ್ರೇ,” ಎಂದರು ಒಮ್ಮೆ. ಅವನು ಗಂಭೀರವಾಗಿ ತಲೆಯಾಡಿಸಿದ. ಮನೆಯ ಚಿಂತೆಯಲ್ಲಿ ಮುಳುಗಿದ ಮನುಷ್ಯ ನಾಯಿಯ ರೆಪ್ಪೆ ಎಣಿಸುವುದಿಲ್ಲ. ವಕೀಲರ ಸಂಸಾರ ಇನ್ನೂ ಸ್ವಲ್ಪ ಹದಗೆಟ್ಟರೂ ತನಗೆ ಒಳ್ಳೆಯದೇ ಎಂದುಕೊಂಡ.

ಎಂಟನೆಯ ತಿಂಗಳು ವಕೀಲರು ತಮ್ಮ ಹೆಂಡತಿಯನ್ನು ಕರೆದುಕೊಂಡು ಬಂದರು. ಕರೆದುಕೊಂಡು ಬಂದದ್ದು ಯಾರು ಯಾರನ್ನು ಎಂಬುದು ನೋಡಿದರೇ ತಿಳಿಯುತ್ತಿತ್ತು. ಆಕೆ ಬಾಗಿಲಲ್ಲೇ ನಿಂತು ಮೊದಲು ಅವನ ಹೆಂಡತಿಯನ್ನು ಕಾಲಿನಿಂದ ತಲೆಯವರೆಗೆ ಅಳೆದರು, ಆಮೇಲೆ ಕೋಣೆಯನ್ನು, ಕೊನೆಗೆ ಸೋಫಾವನ್ನು.

“ನಾಯಿ ಇದೆ,” ಎಂದರು, ಸ್ವಲ್ಪ ನಿರಾಸೆಯಿಂದ.

“ನಾನು ಹೇಳಲಿಲ್ವಾ?” ಎಂದರು ವಕೀಲರು. ಅವರ ದನಿ ಕಟಕಟೆಯಲ್ಲಿ ನಿಂತವನದಾಗಿತ್ತು.

“ಇವರು ಬಂದಾಗ ಎಲ್ಲಿ ಕೂರ್ತಾರೆ?” ಆಕೆ ಕೇಳಿದ್ದು ಅವನನ್ನು.

“ಇಲ್ಲೇ ಅಮ್ಮ, ನಾಯಿ ಪಕ್ಕದಲ್ಲಿ. ಅರ್ಧ ಗಂಟೆ ಅದರ ಮೈ ಸವರ್ತಾ ಇರ್ತಾರೆ. ಒಂದು ತಿಂಗಳೂ ತಪ್ಪಿಸಿಲ್ಲ.” ಇದು ಅಪ್ಪಟ ಸತ್ಯ. ಎಂಟು ತಿಂಗಳಲ್ಲಿ ಅವನು ಆಡಿದ ಮೊದಲ ಸತ್ಯವಾದ್ದರಿಂದ ಒತ್ತಿ ಹೇಳಿದ.

ಆಕೆ ದೊರೆಯ ಬೆನ್ನಿನ ಮೇಲೆ ತಲೆಯಿಂದ ಬಾಲದವರೆಗೆ ಅಂಗೈ ಎಳೆದು, ಅಂಗೈಯನ್ನು ನೋಡಿಕೊಂಡರು. ದೊರೆ ಸಮಾಧಾನವಾಗಿ ಉಸಿರಾಡುತ್ತಿತ್ತು. ಆಕೆ ಗಂಡನ ಕಡೆ ತಿರುಗಿ, “ಕೋಟು ಬಿಚ್ಚಿ,” ಎಂದರು. “ಅದರ ಮೈಗೆ ಚೆನ್ನಾಗಿ ಉಜ್ಜಿ.” ವಕೀಲರು ಕರಿ ಕೋಟನ್ನು ಬಿಚ್ಚಿ, ಮಂಡಿಯೂರಿ, ನಾಯಿಯ ಮೈಗೆ ಅಪ್ಪಿ ಹಿಡಿದು ಉಜ್ಜಿದರು. ಮೊದಲು ಮೆಲ್ಲಗೆ, ಆಮೇಲೆ ಪ್ರಾಣಭಯ ಇರುವವರ ಹಾಗೆ. ಹಣೆಯ ಮೇಲೆ ಬೆವರು ಬಂತು. ಇದೆಂಥ ಹುಚ್ಚಾಟವೆಂದು ತಿಳಿಯದೆ ಅವನು ಕಾಫಿಯ ಲೋಟ ಹಿಡಿದು ನಿಂತಿದ್ದ. ನಳಿಕೆ ಭದ್ರವಾಗಿತ್ತು, ಚೀಲ ಬೆಚ್ಚಗಿತ್ತು, ಹೆದರುವಂಥದ್ದು ಏನೂ ಇರಲಿಲ್ಲ.

ಆಕೆ ಕೋಟನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಕೋಟು ಕಪ್ಪಗೆ ಹೊಳೆಯುತ್ತಿತ್ತು. “ಮೊದಲು ಒಂದೂವರೆ ವರ್ಷ ಇವರು ಇಲ್ಲಿಂದ ಬಂದಾಗೆಲ್ಲ ಈ ಕೋಟಿಂದ ಹಿಡಿ ಹಿಡಿ ಬಿಳಿ ಕೂದಲು ಕಿತ್ತಿದ್ದೀನಿ,” ಎಂದರು. “ಏಳು ತಿಂಗಳಿಂದ ಒಂದೂ ಇಲ್ಲ. ಬೇರೆಲ್ಲಿಗೋ ಹೋಗ್ತಿದ್ದಾರೆ ಅಂತ ನಾನಂದುಕೊಂಡೆ. ಕೂದಲು ಉದುರದೇ ಇರೋ ನಾಯಿ ಎಲ್ಲಾದ್ರೂ ಉಂಟಾ?” ವಕೀಲರು ದೊರೆಯ ಕತ್ತಿನ ಹತ್ತಿರ ಒಂದು ಚಿಟಿಕೆ ಕೂದಲು ಹಿಡಿದು ಎಳೆದರು. ಬರಲಿಲ್ಲ. ಎರಡೂ ಕೈಯಿಂದ ಎಳೆದರು. ಕೂದಲಿನ ಜೊತೆ ನಾಯಿಯೇ ಮೇಲೆದ್ದು ಬಂತು, ನಳಿಕೆ ಕಳಚಿ ಪರದೆಯ ಹಿಂದೆ ಪಂಪು ಬುಸ್ ಎಂದಿತು. “ಸತ್ತಿದೆ ಕಣೇ,” ಎಂದರು ವಕೀಲರು. ನಾಯಿಯನ್ನು ತೋಳಿನಲ್ಲಿ ಎತ್ತಿ ಹಿಡಿದ ಅವರ ಮುಖದಲ್ಲಿ ಎಂಟು ತಿಂಗಳಲ್ಲಿ ಕಾಣದ ಆನಂದವಿತ್ತು. “ನೋಡು, ನಾನು ಇಲ್ಲಿಗೇ ಬರ್ತಿದ್ದೆ. ಇದು ಸತ್ತಿದೆ.” ಕೂದಲಿನ ಬುಡವನ್ನೂ ಚರ್ಮಕ್ಕೆ ಕಚ್ಚಿಸುವಷ್ಟು ಸಲ ಮದ್ದು ಹರಿಸಿದವನು ಹೆಂಡತಿಯ ಕಡೆ ನೋಡಿದ. ಅವಳು ಅಟ್ಟದ ಪೆಟ್ಟಿಗೆಗಳನ್ನು ಇಳಿಸಲು ಸ್ಟೂಲು ಎಳೆದುಕೊಳ್ಳುತ್ತಿದ್ದಳು. “ಅದು ಬದುಕಿದ್ದಷ್ಟು ದಿನ, ದಿನಕ್ಕೆ ಎರಡು ಮೊರ ಕೂದಲು ಗುಡಿಸ್ತಿದ್ದೆ ಕಣ್ರೀ,” ಎಂದಳು. “ಅದನ್ನೇ ಹೇಳೋಕೆ ಬಂದೆ, ನೀವು ಕಾಫಿ ಮಾಡು ಅಂದ್ರಿ.”