ಬೆಂಚು ಬಿಟ್ಟ ಬನ್ನು

"ಲೇ ಬನ್ನು, ಹಗ್ಗ ಹಾರೋಕೆ ಬರ್ತೀಯಾ?"

"ಇಲ್ಲ ಕಣೇ."

ಗೆಳತಿ ಓಡಿಹೋದಳು. ಈ ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು. ಗೇಮ್ಸ್ ಪೀರಿಯಡ್ಡಿನಲ್ಲಿ ಬನ್ನು ಬೆಂಚು ಬಿಟ್ಟು ಏಳುವವಳಲ್ಲ. ಸ್ಕೂಲ್ ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು ಕೂತುಬಿಡುತ್ತಾಳೆ. ಮಾತ್ರೆ ನುಂಗಿ ನುಂಗಿ ಕೆನ್ನೆ ಉಬ್ಬಿದಾಗ ಅತ್ತೆ ಅವಳಿಗೆ ಇಟ್ಟ ಹೆಸರು ಬನ್ನು. ಈಗ ಕ್ಲಾಸೆಲ್ಲ ಹಾಗೇ ಕರೆಯುತ್ತದೆ.

ಬ್ಯಾಗಿನ ಹಿಂದೆ, ಹೊಟ್ಟೆಯ ಕೆಳಗೆ ಒಂದು ಬದಿಗೆ, ಅತ್ತೆಯ ಕಿಡ್ನಿ ಇದೆ. ಬನ್ನುವಿನ ಕಿಡ್ನಿಗಳು ಕೆಟ್ಟುಹೋದಾಗ ಅತ್ತೆ ತನ್ನ ಎರಡರಲ್ಲಿ ಒಂದನ್ನು ಕೊಟ್ಟಿದ್ದಳು. ಆಪರೇಷನ್ ಆಗಿ ವರ್ಷ ಕಳೆದಿದೆ. ಓಡು, ಹಾರು, ಅಲ್ಲಿಗೆ ಪೆಟ್ಟು ಬೀಳದಂತೆ ಮಾತ್ರ ನೋಡಿಕೋ ಎಂದು ಡಾಕ್ಟರ್ ಹೇಳಿಯಾಗಿದೆ. ಆದರೆ ಬನ್ನುವಿನ ಮನೆಯಲ್ಲಿ ಒಂದು ಪದ್ಧತಿ. ಬೇರೆಯವರ ವಸ್ತುವನ್ನು ಗೀರು ಬೀಳದಂತೆ ಇಟ್ಟುಕೊಂಡು, ತಂದ ಹಾಗೇ ಹಿಂದಿರುಗಿಸಬೇಕು. ಪಕ್ಕದ ಮನೆಯ ಏಣಿಯನ್ನೂ ಅಮ್ಮ ಒರೆಸಿಯೇ ಕೊಡುವವಳು.

ಅತ್ತೆಗೆ ಶಾಲೆಯ ಎದುರಿನ ಬೇಕರಿಯಲ್ಲಿ ಕೆಲಸ. ಮೊನ್ನೆ ಮೈದಾ ಮೂಟೆ ಇಳಿಸಿ, ಸೊಂಟ ಹಿಡಿದುಕೊಂಡು ಉಸ್ಸಪ್ಪಾ ಎಂದು ಕೂತದ್ದನ್ನು ಬನ್ನು ಕಣ್ಣಾರೆ ಕಂಡಿದ್ದಳು. ಅತ್ತೆ ಕಿಡ್ನಿ ವಾಪಸ್ ಕೇಳಿದರೆ? ಅಂದಿನಿಂದ ಅವಳಿಗೆ ಮಲಗಿದಲ್ಲಿ ಮಗ್ಗುಲು ಬದಲಿಸಲೂ ಹೆದರಿಕೆ. ಹೇಳಿದರೆ ಅಮ್ಮ ಅಳುತ್ತಾಳೆ. ಪಾಪ, ಮೈದಾನದ ತುಂಬ ಮಕ್ಕಳಿದ್ದರೂ ಬನ್ನು ಒಬ್ಬಳೇ.

ಸಂಜೆ ಸ್ಕೂಲ್ ಬಿಟ್ಟ ಮೇಲೆ ಬನ್ನು ಬೇಕರಿಗೆ ಹೋದಳು.

"ಅತ್ತೇ, ಸೊಂಟ ನೋಯ್ತಿದೆಯಾ?"

"ಮೂಟೆ ಎತ್ತಿದ್ರೆ ನೋಯದೆ ಇರುತ್ತಾ?"

"ಕಿಡ್ನಿ ನಿನಗೇ ಬೇಕಾದ್ರೆ ಹೇಳು. ಏನೂ ಆಗದ ಹಾಗೆ ಇಟ್ಕೊಂಡಿದೀನಿ. ಒಂದು ದಿನಾನೂ ಆಡಿಲ್ಲ."

ಟ್ರೇಗೆ ಎಣ್ಣೆ ಸವರುತ್ತಿದ್ದ ಅತ್ತೆಯ ಕೈ ನಿಂತಿತು.

"ನೋಯ್ತಿರೋದು ಬಲಗಡೆ. ನಿನಗೆ ಕೊಟ್ಟಿದ್ದು ಎಡಗಡೇದು, ಪೆದ್ದಿ." ಅತ್ತೆ ನಗಲು ಹೋದಳು, ಆಗಲಿಲ್ಲ. "ಕೊಟ್ಟು ವಾಪಸ್ ಕೇಳೋಳಾ ನಾನು? ನಿಮ್ಮ ಗೇಮ್ಸ್ ಬೆಲ್ ಹೊಡೆದಾಗೆಲ್ಲ ಬಾಗಿಲಿಗೆ ಬಂದು ನಿಲ್ತೀನಿ ಕಣೇ, ಇವತ್ತಾದ್ರೂ ಓಡ್ತೀಯೇನೋ ಅಂತ. ನೀನು ನೋಡಿದ್ರೆ ಬೆಂಚಿಗೆ ಅಂಟಿಕೊಂಡು ಕೂತಿರ್ತೀಯ."

ಅತ್ತೆ ಇನ್ನೊಂದು ಟ್ರೇ ಎತ್ತಿಕೊಂಡಳು.

ಮರುದಿನ ಗೇಮ್ಸ್ ಪೀರಿಯಡ್ಡಿನಲ್ಲಿ ಅವಳನ್ನು ಯಾರೂ ಕರೆಯಲಿಲ್ಲ. ಗೆಳತಿಗೆ ಕರೆದು ಕರೆದು ಸಾಕಾಗಿತ್ತೇನೋ. ಬನ್ನು ಸ್ವಲ್ಪ ಹೊತ್ತು ಕಾದಳು. ಆಮೇಲೆ ಬ್ಯಾಗನ್ನು ಬೆಂಚಿನ ಮೇಲಿಟ್ಟು, ತಾನೇ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಕೈಗಳನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಒಂದು ಸಲ ಹಾರಿದಳು. ಇನ್ನೊಂದು ಸಲ. ಮತ್ತೊಂದಕ್ಕೆ ಹಗ್ಗ ಕಾಲಿಗೆ ತೊಡರಿತು.

"ಬನ್ನು ಔಟ್. ಬಾ, ಹಗ್ಗ ತಿರುಗಿಸು," ಎಂದಳು ಗೆಳತಿ.

ಹಗ್ಗದ ತುದಿ ಹಿಡಿದು ಬನ್ನು ರಸ್ತೆಯಾಚೆ ನೋಡಿದಳು. ಬೇಕರಿಯ ಬಾಗಿಲಲ್ಲಿ ಅತ್ತೆ, ಕೈತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಬನ್ನುವಿನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅಂಗಾಲು ಉರಿಯುತ್ತಿತ್ತು. ಔಟಾದದ್ದು ತಾನು, ತಲೆಯಿಂದ ಕಾಲಿನ ತನಕ, ಅತ್ತೆ ಕೊಟ್ಟದ್ದೂ ಸೇರಿ, ಎಲ್ಲವೂ ತನ್ನದೇ ಅನ್ನಿಸಿ, ಅವಳು ಹಗ್ಗವನ್ನು ಜೋರಾಗಿ ತಿರುಗಿಸಿದಳು.