ಗಾಳಿಯಲ್ಲೇ ಉಳಿದ ಕೈ

ನಾಲ್ಕನೇ ಮಹಡಿಯಿಂದ ಇಳಿಯುತ್ತಿದ್ದ ಲಿಫ್ಟು ನಡುವೆಯೇ ಗಕ್ಕನೆ ನಿಂತಿತು. ದೀಪವೂ ಹೋಯಿತು.

ಒಳಗಿದ್ದವಳು ಅವಳೊಬ್ಬಳೇ. ಕೈಯಲ್ಲೊಂದು ಪುಟ್ಟ ಡಬ್ಬಿ, ಡಬ್ಬಿಯೊಳಗೆ ಯಾರದೋ ಹಲ್ಲಿನ ಸೆಟ್ಟು.

ನಗಬೇಡಿ. ಹಲ್ಲು ಕಟ್ಟುವುದೇ ಅವಳ ಕಸುಬು. ಮೇಲಿನ ಲ್ಯಾಬಿನಲ್ಲಿ ಕೂತು ಮೇಣದ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಕೆಳಗಿನ ಡಾಕ್ಟರಿಗೆ ತಲುಪಿಸಬೇಕು. ಎಷ್ಟೋ ಜನರ ನಗು ಅವಳ ಕೈಯಲ್ಲಿ ತಯಾರಾದದ್ದು. ಅವಳ ನಗು ಮಾತ್ರ ಆ ಕತ್ತಲಲ್ಲಿ ಹೇಳಹೆಸರಿಲ್ಲದಂತೆ ಮಾಯವಾಗಿತ್ತು.

ಬಾಗಿಲು ಬಡಿದಳು. ಕೂಗಿದಳು. ಯಾರೂ ಇಲ್ಲ. ಕೊನೆಗೆ ಮೂಲೆಗೆ ಒರಗಿದಳು.

ಆಗ ಅವಳ ಬಾಯಿ ತಾನಾಗಿಯೇ ಶುರುಮಾಡಿತು... "ನಮೋ ಮರಿಯೆ..."

ಹದಿನಾಲ್ಕನೇ ವಯಸ್ಸಿಗೇ ಬಿಟ್ಟ ಮಾತೆ ಮರಿಯಳ ಪ್ರಾರ್ಥನೆ ಅದು. ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲು ಸಿಗಲಿಲ್ಲ. ಮತ್ತೆ ಮೊದಲಿನಿಂದ ಹೇಳಿದಳು. ಮತ್ತೆ ಅಲ್ಲಿಗೇ ಬಂದು ನಿಂತಳು.

ಬಾಗಿಲಿನ ಆಚೆಯಿಂದ ಒಂದು ಗಂಡಸಿನ ದನಿ ಆ ಸಾಲನ್ನು ಎತ್ತಿಕೊಂಡು, ಆತುರವಿಲ್ಲದೆ ಕೊನೆಯವರೆಗೂ ಹೇಳಿ ಮುಗಿಸಿತು.

"ಆಮೆನ್," ಎಂದಿತು ದನಿ. "ಮೇಡಂ, ಬಾಗಿಲಿಂದ ಸ್ವಲ್ಪ ಹಿಂದೆ ಸರೀರಿ. ಈಗ ತೆಗೀತೀನಿ."

ಬಾಗಿಲು ತೆರೆದಾಗ ಹೊರಗಿನ ನೆಲ ಅವಳ ಸೊಂಟದ ಎತ್ತರಕ್ಕಿತ್ತು. ಅಲ್ಲಿ ಮಂಡಿಯೂರಿದ್ದ ಲಿಫ್ಟ್ ಮೆಕ್ಯಾನಿಕ್ ತನ್ನ ಗ್ರೀಸು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿದ, ಸಾಲದೆಂದು ಇನ್ನೊಮ್ಮೆ ಒರೆಸಿದ, ಆಮೇಲೆ ಚಾಚಿದ. ಅವಳಿಗೆ ಯಾಕೋ ಆ ಎರಡನೇ ಸಲ ಒರೆಸಿದ್ದೇ ಮನಸ್ಸಿಗೆ ಹತ್ತಿತು.

"ಡಬ್ಬೀಲಿರೋದು ಫಾದರ್ ಹಲ್ಲಾ?" ಎಂದ ಅವನು. "ಕೆಳಗೆ ಬಾಯಿ ಮುಚ್ಕೊಂಡು ಕಾಯ್ತಾ ಕೂತಿದಾರೆ. ಭಾನುವಾರದ ಚರ್ಚಿನ ಉಪದೇಶ ನಿಮ್ಮ ಕೈಲಿದೆ ಕಣ್ರೀ."

ಅವಳ ನಗು ವಾಪಸ್ ಬಂತು.

ಡಾಕ್ಟರ ಕೋಣೆಯಲ್ಲಿ ಹೊಸ ಹಲ್ಲು ಕೂರಿಸಿಕೊಂಡ ವಯಸ್ಸಾದ ಫಾದರಿಗೆ ಮೆಕ್ಯಾನಿಕ್ ಎಲ್ಲ ಊದಿಬಿಟ್ಟ. ಫಾದರ್ ಅವಳನ್ನು ಕರೆದು ಕೇಳಿದರು, "ಯಾವ ಚರ್ಚಮ್ಮ ನಿಂದು?"

"ಯಾವುದೂ ಇಲ್ಲ ಫಾದರ್. ಜ್ಞಾನಸ್ನಾನ ಆಗಿದೆ, ದೃಢೀಕರಣ ಆಗಿಲ್ಲ. ನಮ್ಮಣ್ಣ ನನ್ನನ್ನ ಅರ್ಧಂಬರ್ಧ ಅಂತಾನೇ ಕರೆಯೋದು."

"ಗುರುವಾರ ಸಂಜೆ ದೊಡ್ಡವರಿಗೆ ದೃಢೀಕರಣದ ಪಾಠ ಇದೆ. ಬಂದು ಕೂತ್ಕೋ. ಕೂತವರೆಲ್ಲ ಹೂಂ ಅನ್ನಲೇಬೇಕು ಅಂತೇನಿಲ್ಲ."

ಅರ್ಧಂಬರ್ಧ. ಆ ಹೆಸರು ಯಾಕೆ ಬಂತೆಂದು ಹೇಳಿಬಿಡುತ್ತೇನೆ.

ಕೂಸಾಗಿದ್ದಾಗ ಜ್ಞಾನಸ್ನಾನದ ಹೊತ್ತಿಗೆ ಮಗುವಿನ ಪರವಾಗಿ ಹೆತ್ತವರು ಕೊಟ್ಟ ನಂಬಿಕೆಯ ಮಾತನ್ನು, ಬೆಳೆದ ಮೇಲೆ ತಾನೇ ಬಾಯಿಬಿಟ್ಟು ಹೇಳುವುದು ದೃಢೀಕರಣ. ಬಿಷಪ್ಪರು "ನಂಬುತ್ತೀರಾ?" ಎಂದು ಕೇಳುತ್ತಾರೆ. "ನಂಬುತ್ತೇನೆ" ಎಂದವರ ಹಣೆಗೆ ತೈಲ ಹಚ್ಚುತ್ತಾರೆ. ಆ ಹೊತ್ತಿಗೆ ಹಿಂದೆ ಒಬ್ಬರು ನಿಂತು ಹೆಗಲ ಮೇಲೆ ಬಲಗೈ ಇಡಬೇಕು. ಇವಳ ಹೊಣೆ ನನ್ನದು ಎಂದು ಅದರ ಅರ್ಥ.

ಹದಿನಾಲ್ಕರಲ್ಲಿ ಅವಳ ಹಿಂದೆ ನಿಂತದ್ದು ಅತ್ತೆ, ಅಪ್ಪನ ಅಕ್ಕ. ತಾಯಿಯಿಲ್ಲದ ಮಗುವನ್ನು ಎದೆಗವಚಿ ಸಾಕಿದವಳು. ಸಾಲಿನಲ್ಲಿದ್ದವರೆಲ್ಲ "ನಂಬುತ್ತೇನೆ" ಎಂದು ಒಂದೇ ದನಿಯಲ್ಲಿ ಕೂಗಿದರು. ಅವಳ ಬಾಯಿಂದ ಮಾತ್ರ ಮಾತು ಹೊರಡಲಿಲ್ಲ. ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ, ಇಷ್ಟು ಜನರ ಮುಂದೆ ಸುಳ್ಳು ಹೇಳಲೇ... ತೈಲಕ್ಕೆ ಅವಳ ಸರದಿ ಬಂದೇಬಿಟ್ಟಿತು. ಅವಳು ಸಾಲು ಬಿಟ್ಟು ಹೊರಟೇ ಹೋದಳು.

ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದಳು. ಹೆಗಲಿಗೆಂದು ಎತ್ತಿದ ಅತ್ತೆಯ ಕೈ ಗಾಳಿಯಲ್ಲೇ ಉಳಿದಿತ್ತು.

ಅತ್ತೆ ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೀಗಾಗಿ ಗುರುವಾರದ ಪಾಠಕ್ಕೆ ಅವಳು ಮನೆಯಲ್ಲಿ ಯಾರಿಗೂ ಹೇಳದೆ ಹೋದಳು. ಹೋದರೆ ಅಲ್ಲಿ ಕುರ್ಚಿ ಹಾಕುತ್ತಿದ್ದವನು ಯಾರು? ಅವನೇ, ಆ ಲಿಫ್ಟ್ ಮೆಕ್ಯಾನಿಕ್. ಚರ್ಚಿನ ಮೈಕು, ಫ್ಯಾನು, ಬಲ್ಬು ಎಲ್ಲ ಅವನದೇ ಉಸ್ತುವಾರಿ. ಪಾಠ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಮಾತಾಡುತ್ತ ನಿಲ್ಲುವುದು ಅಭ್ಯಾಸವಾಯಿತು.

"ನಿಮಗೆ ಹೇಗ್ರೀ ಇಷ್ಟು ಸಲೀಸಾಗಿ ನಂಬಿಕೆ ಬರುತ್ತೆ?" ಒಂದು ದಿನ ಕೇಳಿದಳು.

"ಸಲೀಸು ಅಂತ ಯಾರಂದ್ರು? ನಾನು ಲಿಫ್ಟಿನ ಗುಂಡಿಗೆ ಇಳಿದಾಗ, ಯಾರೂ ಲಿಫ್ಟು ಚಾಲೂ ಮಾಡದ ಹಾಗೆ ಮೇಲೆ ಒಬ್ಬ ಸ್ವಿಚ್ ಕಾಯ್ತಾ ನಿಂತಿರ್ತಾನೆ. ಕೆಳಗಿಂದ ಕಾಣಲ್ಲ. 'ಇದೀಯೇನೋ?' ಅಂತ ಕೂಗ್ತೀನಿ. ಒಂದೊಂದು ದಿನ ಉತ್ತರ ಬರುತ್ತೆ, ಒಂದೊಂದು ದಿನ ಇಲ್ಲ. ದೇವರ ಹತ್ರಾನೂ ಅದೇ ಕಥೆ. ಹೆದರಿಕೊಂಡೇ ಇಳೀತೀನಿ."

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಇವನ ಪಕ್ಕದಲ್ಲಿ ಹೀಗೇ ನಿಂತಿರಬೇಕು, ಈ ದನಿ ದಿನಾ ಕೇಳಬೇಕು... ಅನಿಸಿದ್ದೇ ತಡ, ಒಂದು ಮೆಟ್ಟಿಲು ಕೆಳಗಿಳಿದಳು. ಹಾಗಾದರೆ ನಾನು ಇಲ್ಲಿಗೆ ಬರುತ್ತಿರುವುದು ಯಾರಿಗಾಗಿ? ದೇವರಿಗಾ, ಇವನಿಗಾ?

ಗುರುವಾರದಿಂದ ಗುರುವಾರಕ್ಕೆ ಅವಳ ಜೀವ ಜೋತಾಡತೊಡಗಿತು.

ಬಿಷಪ್ಪರು ಬರುವ ದಿನ ಗೊತ್ತಾಯಿತು. ಹೆಗಲಿಗೆ ಕೈ ಇಡುವವರನ್ನು ಆರಿಸಿಕೊಳ್ಳಿ ಎಂದರು ಫಾದರ್. ಅತ್ತೆಯನ್ನು ಮತ್ತೆ ಕೇಳಲು ಅವಳಿಗೆ ಯಾವ ಮುಖವಿತ್ತು? ಕುರ್ಚಿ ಮಡಚುತ್ತಿದ್ದವನ ಬಳಿ ಹೋದಳು.

"ನನ್ನ ಹಿಂದೆ ನೀವು ನಿಲ್ತೀರಾ?"

ಅವನ ಕೈಯಿಂದ ಕುರ್ಚಿ ಜಾರಿ ಬಿತ್ತು. "ನಾನಾ... ಆಗಲ್ಲ."

"ಯಾಕೆ?"

"ಬೇರೆ ಯಾರನ್ನಾದ್ರೂ ಕೇಳಿ. ನಾನು ಮಾತ್ರ ಬೇಡ." ಮುಖ ತಿರುಗಿಸಿ ಹೊರಟುಹೋದ.

ಮುಂದಿನ ಗುರುವಾರ ಅವನಿಲ್ಲ. ಮೈಕು ಕೀರಲು ದನಿಯಲ್ಲಿ ಅರಚಿದರೂ ನೋಡುವವರಿಲ್ಲ. ಭಾನುವಾರದ ಪೂಜೆಗೂ ಅವನು ನಸುಕಿನಲ್ಲೇ ಬಂದು ಹೋಗುತ್ತಾನೆಂದು ಯಾರೋ ಅಂದರು.

ಅವನಿಗೂ ನಾನು ಅರ್ಧಂಬರ್ಧಳೇ. ಕೊನೇ ಗಳಿಗೆಯಲ್ಲಿ ಓಡಿಹೋಗುವವಳ ಹೊಣೆ ಯಾರು ಹೊತ್ತಾರು... ಹೀಗೆಂದುಕೊಂಡು ಅವಳು ಒಳಗೊಳಗೇ ಬೆಂದಳು. ಆ ವಾರ ಎಡಗಡೆಯ ಕೋರೆಹಲ್ಲನ್ನು ಬಲಗಡೆಗೆ ಕೂರಿಸಿ ಡಾಕ್ಟರಿಂದ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡಳು. ಪಾಠಕ್ಕೂ ಹೋಗಲಿಲ್ಲ. ಅವನ ದನಿ ಒಮ್ಮೆ ಕೇಳಿದರೆ ಸಾಕಿತ್ತು. ಕೇಳಲಿಲ್ಲ.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಕೂರಲಾಗದೆ ಎದ್ದವಳು ನೇರ ಚರ್ಚಿಗೆ ಬಂದಳು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಳು.

ಅವನಿಲ್ಲ ಕಣೇ, ಬರುವುದೂ ಇಲ್ಲ. ಈಗ ಹೇಳು, ಯಾರಿಗೋಸ್ಕರ ಬಂದೆ?

ಎದ್ದು ಹೋಗಬೇಕು ಅನಿಸುತ್ತದೆಂದು ಕಾದಳು. ಅನಿಸಲಿಲ್ಲ. ಅವನಿಗಾಗಿ ನೋಯುತ್ತಿದ್ದ ಎದೆಯಲ್ಲೇ ಅದಕ್ಕಿಂತ ಹಳೆಯ ಇನ್ನೊಂದು ಹಂಬಲವೂ ಇತ್ತು. ಅವನು ಯಾರೆಂದೇ ಗೊತ್ತಿಲ್ಲದ ಕಾಲದಿಂದ ಇತ್ತು. ಲಿಫ್ಟಿನ ಕತ್ತಲಲ್ಲಿ ಬಾಯಿ ತೆರೆದದ್ದು ಅದೇ. ಆಗ ಬಾಗಿಲಾಚೆ ಅವನಿದ್ದಾನೆಂದು ಅವಳಿಗೆಲ್ಲಿ ಗೊತ್ತಿತ್ತು?

"ಇದೀಯೇನೋ?" ಮೆಲ್ಲಗೆ ಕೇಳಿದಳು.

ಉತ್ತರ ಬರಲಿಲ್ಲ. ಆದರೂ ಅಲ್ಲೇ ಕೂತಳು. ಸಂಶಯ ಪೂರ್ತಿ ತೀರಿದ ಮೇಲೆಯೇ "ನಂಬುತ್ತೇನೆ" ಅನ್ನಬೇಕೆಂದು ಹದಿನಾಲ್ಕರಲ್ಲಿ ಅಂದುಕೊಂಡಿದ್ದಳು. ಸಂಶಯವೇ ಇಲ್ಲದವರಿಗೆ ಹಿಂದಿನಿಂದ ಒಂದು ಕೈ ಯಾಕೆ ಬೇಕು? ಹೆದರಿಕೊಂಡೇ ಹೇಳಬಹುದು. ಅವನು ಹೆಗಲಿಗೆ ಕೈ ಇಡದಿದ್ದರೂ ಹೇಳಬೇಕು ಅನಿಸಿತು. ಅಳು ಬಂತು, ತಡೆಯಲಿಲ್ಲ.

ಮನೆಗೆ ಬಂದಾಗ ಅತ್ತೆ ಕಿಟಕಿ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಹೋಗಿ ಅತ್ತೆಯ ಕಾಲ ಬಳಿ ಕೂತಳು.

"ಅತ್ತೆ, ನಾನು ದೃಢೀಕರಣ ಮಾಡ್ಕೋತೀನಿ. ನನ್ನ ಹಿಂದೆ ನೀನು ನಿಲ್ತೀಯಾ?"

ಅತ್ತೆ ಹಲ್ಲಲ್ಲಿ ದಾರ ಕಡಿದಳು. "ಇನ್ನೊಂದು ಸಲ ಓಡಿಹೋಗೋ ಹಾಗಿದ್ರೆ ಮೊದಲೇ ಹೇಳಿಬಿಡು ತಾಯಿ. ವಯಸ್ಸಾಯ್ತು, ಅಷ್ಟು ಹೊತ್ತು ಕೈ ಎತ್ಕೊಂಡು ನಿಲ್ಲೋಕಾಗಲ್ಲ."

"ಅತ್ತೆ... ನಿನಗೆ ಕೋಪ ಬರಲಿಲ್ವಾ?"

"ಕೋಪ ಯಾಕೆ ಬರಬೇಕು? ಸುಳ್ಳು ಹೇಳಲಾರದ ಮಗೂನ ಸಾಕಿದೀನಿ ಅಂತ ಅವತ್ತು ಗೊತ್ತಾಯ್ತು. ನೀನಾಗೇ ಕೇಳ್ತೀಯ ಅಂತ ಕಾಯ್ತಾ ಇದ್ದೆ ಕಣೇ, ಅಷ್ಟೇ."

ಅವಳು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಆ ದಿನ ಬಂತು. "ನಂಬುತ್ತೀರಾ?" ಎಂದರು ಬಿಷಪ್ಪರು. "ನಂಬುತ್ತೇನೆ." ಅವಳ ದನಿ ಎಲ್ಲರಿಗಿಂತ ಸಣ್ಣದಾಗಿತ್ತು, ನಡುಗುತ್ತಲೂ ಇತ್ತು. ಆದರೆ ಸುಳ್ಳಾಗಿರಲಿಲ್ಲ. ತೈಲದ ಬೆರಳು ಹಣೆಗೆ ತಾಗಿದಾಗ ಹೆಗಲ ಮೇಲೆ ಅತ್ತೆಯ ಕೈ ಕೂತಿತು. ಎಷ್ಟೊಂದು ಭಾರದ ಕೈ. ಎಂಥ ನೆಮ್ಮದಿ.

ತಿರುಗಿದಾಗ ಅವನು ಕಂಡ. ಹಿಂದೆ ಮೈಕಿನ ಪೆಟ್ಟಿಗೆ ಬಳಿ ಕಣ್ಣೊರೆಸುತ್ತ ನಿಂತಿದ್ದ.

ಪೂಜೆ ಮುಗಿದದ್ದೇ ಅವಳು ನೇರ ಅವನ ಬಳಿ ಹೋದಳು. "ನಾನು ಓಡಿಹೋಗ್ತೀನಿ ಅಂತ ತಾನೇ ನೀವು ಬೇಡ ಅಂದಿದ್ದು?"

"ಅಯ್ಯೋ, ಅಲ್ಲ ಕಣ್ರೀ." ಅವನು ತಲೆ ತಗ್ಗಿಸಿದ. "ನಮ್ಮಜ್ಜಿ ಹೇಳೋರು... ಹೆಗಲಿಗೆ ಕೈ ಇಟ್ಟವನು ಆ ಹುಡುಗಿಗೆ ಅಪ್ಪನ ಲೆಕ್ಕ. ಆಮೇಲೆ ಅವಳನ್ನ ಮದುವೆ ಆಗೋ ಹಾಗಿಲ್ಲ ಅಂತ."

ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಲಿಫ್ಟಿನ ಬಾಗಿಲು ತೆಗೆದ ದಿನದಿಂದ ನೀವು ಮನಸ್ಸಲ್ಲಿ ಕೂತುಬಿಟ್ಟಿದೀರ. ನಿಮ್ಮಪ್ಪ ಆಗೋಕೆ ನನ್ನ ಕೈಲಾಗ್ತಿರಲಿಲ್ಲ. ಅದನ್ನ ಆಗಲೇ ಹೇಳಿದ್ರೆ, ನನಗೋಸ್ಕರ ದೃಢೀಕರಣ ಮಾಡ್ಕೋತೀರೇನೋ ಅನ್ನೋ ಭಯ. ಅದು ನಿಮ್ಮದೇ ತೀರ್ಮಾನ ಆಗಲಿ ಅಂತ ದೂರ ಉಳಿದೆ. ಹೇಗೆ ಉಳಿದೆ ಅಂತ ಮಾತ್ರ ಕೇಳಬೇಡಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಫಾದರ್. "ಅದು ನಿಮ್ಮಜ್ಜಿಯ ಅಜ್ಜಿ ಕಾಲದ ಕಾನೂನು ಮಾರಾಯ. ನನಗೆ ಮೊದಲ ಹಲ್ಲು ಹುಟ್ಟೋಕೂ ಮುಂಚೇನೇ ಅದನ್ನ ತೆಗೆದುಹಾಕಿದ್ರು." ಅವಳು ಕಟ್ಟಿಕೊಟ್ಟ ಹಲ್ಲನ್ನೆಲ್ಲ ತೋರಿಸುತ್ತ, ಅತ್ತೆಯನ್ನು ಮಾತಿಗೆಳೆದುಕೊಂಡು ಆಚೆ ನಡೆದರು.

ಅವನ ಮುಖ ನೋಡುವಂತಿತ್ತು. "ಅಂದ್ರೆ... ನಾನು ಕೈ ಇಡಬಹುದಿತ್ತಾ?"

"ಇಡಬಹುದಿತ್ತು. ಇಡದೇ ಇದ್ದದ್ದೇ ಒಳ್ಳೇದಾಯ್ತು. ಆ ಹೆಗಲು ಅತ್ತೇದು."

"ಮತ್ತೆ ನನಗೆ?"

ಅವಳು ಕೈ ಚಾಚಿದಳು. ಅವನು ತನ್ನ ಕೈಯನ್ನು ಅಂಗಿಗೆ ಒರೆಸಿದ, ಮೊದಲ ದಿನದ ಹಾಗೆಯೇ ಇನ್ನೊಮ್ಮೆ ಒರೆಸಿದ, ಆಮೇಲೆ ಹಿಡಿದುಕೊಂಡ.

"ಒಂದು ಕೇಳ್ಲಾ? ನಮ್ಮ ವಿಷಯದಲ್ಲಿ ಅರ್ಧಕ್ಕೆ ನಿಲ್ಲಿಸಿಬಿಡಲ್ಲ ತಾನೇ?"

"ಅರ್ಧಕ್ಕೆ ಬಂದು ಮುಂದಿನ ಸಾಲು ಮರೆತುಹೋದ್ರೆ," ಎಂದಳು ಅವಳು, "ನೀನಿದೀಯಲ್ಲ... ಹೇಳಿ ಮುಗಿಸು."