ಸತ್ತವರು ಕಂಪನಿ ಬದಲಿಸುವುದಿಲ್ಲ

ಸಂಗಮ್ಮನವರು ದೇವರ ಕೋಣೆಯ ಹೊಸ್ತಿಲಿನ ಮೇಲೆ ಬಿದ್ದಿದ್ದರು. ಹಣೆ ಒಡೆದು ರಕ್ತ ಸೋರುತ್ತಿತ್ತು. ಎಣ್ಣೆಯ ಬಟ್ಟಲು ಉರುಳಿತ್ತು. ಕೈಯಿಂದ ಜಾರಿದ ಮೊಬೈಲು ನೆಲದ ಮೇಲೆ ಗುರ್‌ಗುಟ್ಟುತ್ತ ಅರ್ಧ ಸುತ್ತು ತಿರುಗಿತು. ತೆರೆಯ ಮೇಲೆ ಹೆಸರು ಮಿನುಗುತ್ತಿತ್ತು: ಭಾಗ್ಯಾನ ಅಪ್ಪ.

ಭಾಗ್ಯಾನ ಅಪ್ಪ ಎಂದರೆ ವಿಶ್ವನಾಥಪ್ಪ. ಸಂಗಮ್ಮನವರ ಗಂಡ. ಕಳೆದ ಮಳೆಗಾಲದಲ್ಲಿ ಎದೆನೋವಿನಿಂದ ತೀರಿಕೊಂಡವರು. ಅವರ ಮೊಬೈಲನ್ನು ಅವರ ಜೊತೆಗೇ ಮಣ್ಣು ಮಾಡಿದ್ದರು. ನಾನು ಕಣ್ಣಾರೆ ಕಂಡಿದ್ದೆ.

ಫೋನು ಎತ್ತಿದೆ. ಮಾತಿಲ್ಲ. ಬರೀ ಉಸಿರು. ಬಾವಿಯ ತಳದಲ್ಲಿ ಯಾರೋ ಕೂತು ನಿಧಾನವಾಗಿ ಉಸಿರಾಡುತ್ತಿದ್ದಂತೆ. ನಾನು ಹೆದರಲಿಲ್ಲ. ಮೊಬೈಲು ತಾನಾಗಿಯೇ ನನ್ನ ಕೈಯಿಂದ ಹಾರಿ ಸೋಫಾದ ಕೆಳಗೆ ಹೋಗಿ ಕೂತಿತು, ಅಷ್ಟೇ.

ಸಂಗಮ್ಮನವರ ಮಗಳು ಭಾಗ್ಯಶ್ರೀ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಕಾಕಾ, ಪುನ್ಹಾ ಅಪ್ಪಾಂದೇ ಫೋನಾ?" ಎಂದಳು. ನಾಸಿಕದಲ್ಲೇ ಬೆಳೆದ ಹುಡುಗಿ. ಹೆದರಿದಾಗ ಅವಳ ಕನ್ನಡದ ತುಂಬ ಮರಾಠಿ ಬರುತ್ತದೆ.

ಪುನ್ಹಾ ಎಂದರೆ ಮತ್ತೆ. ಹಾಗಾದರೆ ಇದು ಮೊದಲ ಸಲವಲ್ಲ.

* * *

ನಾನು ಪ್ರಭಾಕರ. ಧಾರವಾಡದಿಂದ ವರ್ಗವಾಗಿ ನಾಸಿಕಕ್ಕೆ ಬಂದ ಬ್ಯಾಂಕ್ ನೌಕರ. ಸಂಗಮ್ಮನವರ ಎದುರು ಮನೆ ನನ್ನದು. ಪೊಲೀಸರು ಬುದ್ಧಿವಂತರಾಗಿದ್ದು ನನಗೊಂದು ಕುರ್ಚಿ ಹಾಕಿಸಿದ್ದರೆ ಜಿಲ್ಲೆಯ ಜೈಲಿನ ಮೇಲೆ ಎರಡು ಮಹಡಿ ಕಟ್ಟಬೇಕಾಗುತ್ತಿತ್ತು.

ಆ ದಿನಗಳಲ್ಲಿ ನನಗೆ ಬಿಡುವೂ ಇರಲಿಲ್ಲ. 2019ರ ಡಿಸೆಂಬರಿನಲ್ಲಿ ಮೊಬೈಲ್ ಕಂಪನಿಗಳು ಒಂದರ ಹಿಂದೊಂದು ಪ್ರೀಪೇಯ್ಡ್ ದರ ಏರಿಸಿದ್ದವು. ಇದ್ದ ಕಂಪನಿಯಲ್ಲೇ ಇರುವುದೋ, ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗುವುದೋ? ಕೇಳಲು ಬಂದವರ ಸಾಲು ನನ್ನ ಬಾಗಿಲಿನಿಂದ ಗೋದಾವರಿಯ ದಂಡೆಯವರೆಗೆ ಇತ್ತು.

"ಇಬ್ಬರು ಬಂದಿದ್ರು," ಎಂದಳು ನನ್ನ ಹೆಂಡತಿ ಸುಮನ. "ಅದರಾಗ ಒಬ್ಬಾಂವ ಹಾಲಿನಾಂವ."

ಇರಲಿ. ಸಂಕ್ರಾಂತಿ ಕಳೆದ ಮೇಲೆ ನಡೆದ ಸಂಗತಿ ಇದು. ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಸಂಗಮ್ಮನವರನ್ನು ವಿಚಾರಿಸಲು ಕೂತೆ.

"ಯಾವಾಗಿಂದ ಬರಾಕತ್ತೈತ್ರಿ ಈ ಫೋನು?"

"ದೀಪಾವಳಿ ಆದ ಮ್ಯಾಲಿಂದ್ರಿ ಅಣ್ಣಾ. ಔರಂಗಾಬಾದಿನ ವರನ ಮಾತು ಬಂತಲ್ರಿ, ಆವತ್ತೇ ಶುರು."

"ಏನಂತಾರ?"

"ಏನೂ ಅನ್ನಲ್ರಿ. ಇದ್ದಾಗರೆ ಏನ್ ಅಂತಿದ್ರು?"

"ದಿನಾ ಬರತೈತೇನು?"

"ಮದಿವಿ ಮಾತು ಎತ್ತಿದ ದಿನ ಅಷ್ಟೇ. ಹುಡುಗ ನೋಡ್ಲಾಕ ಬಂದಾಗ ಬಂತು. ಸೀರಿ ತರ್ಲಾಕ ಹೋದಾಗ ಬಂತು. ಇವತ್ತ ನಮ್ಮಣ್ಣ ಶಿವಕಾಂತ ಬಂದು ನಿಶ್ಚಯದ ದಿನ ಗಟ್ಟಿ ಮಾಡಿ ಹೋದ. ದೀಪ ಹಚ್ಚೋ ಹೊತ್ತಿಗಿ ಇವರ ಫೋನು. ಅವರಿಗಿ ಮನಸ್ಸಿಲ್ರಿ ಅಣ್ಣಾ. ನಾ ಈ ಸಂಬಂಧ ಬಿಡ್ತೀನಿ."

ಬಾಗಿಲ ಮರೆಯಲ್ಲಿ ನಿಂತಿದ್ದ ಭಾಗ್ಯಶ್ರೀ ಒಳಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು. ನೀರು ಬಹಳ ಹೊತ್ತು ಸುಮ್ಮನೆ ಹರಿಯಿತು.

ಅವಳಿಗೆ ಉತ್ಕರ್ಷನೆಂಬ ಆ ಹುಡುಗ ಮೆಚ್ಚಿಗೆಯಾಗಿದ್ದ. ಬೀದರಿನ ಇವರ ಕಡೆ, ಮನೆಯಲ್ಲಿ ಸಾವಾದರೆ ವರ್ಷದೊಳಗೆ ಮದುವೆ ಮಾಡಬೇಕು. ತಪ್ಪಿದರೆ ಮೂರು ವರ್ಷ ಮಾಡುವಂತಿಲ್ಲ. ಹುಡುಗನ ಮನೆಯವರು ಮೂರು ವರ್ಷ ಕಾಯುವವರಲ್ಲ. ಈ ಉಸಿರು ನಿಲ್ಲದಿದ್ದರೆ ಹುಡುಗಿಯ ಮದುವೆ ಮುರಿದಂತೆಯೇ.

* * *

ಮಣ್ಣು ಮಾಡಿದ ದಿನವನ್ನು ನೆನಪಿಸಿಕೊಂಡೆ. ನನ್ನ ನೆನಪು ಆನೆಯದು.

ವಿಶ್ವನಾಥಪ್ಪನವರನ್ನು ಕುಣಿಯಲ್ಲಿ ಪದ್ಮಾಸನದಲ್ಲಿ ಕೂರಿಸಿದ್ದರು. ಅಂಗೈಯಲ್ಲಿ ಲಿಂಗ, ಸುತ್ತ ವಿಭೂತಿ, ಬಿಲ್ವಪತ್ರೆ. ಸಂಗಮ್ಮನವರು ಗಂಡನ ಮೊಬೈಲನ್ನು ತಂದು, "ದಿಂಬಿನ ಬುಡಕ ಇಟ್ಕೊಂಡೇ ಮಲಗ್ತಿದ್ರು, ಜೋಡೀನೇ ಇರ್ಲಿ," ಎಂದಿದ್ದರು. ಹಿರಿಯರು ಗೊಣಗಿದರು. ಶಿವಕಾಂತನೇ ಎಲ್ಲರನ್ನೂ ಸುಮ್ಮನಿರಿಸಿದ. "ಒಳಗ ಹೋಗಿ ರಿಂಗಾದರ ಮಂದಿ ಎದಿ ಒಡ್ಕೊಂಡು ಸಾಯ್ತದ," ಎಂದು ಅದನ್ನು ಆಫ್ ಮಾಡಿ, ಶಾಲಿನಲ್ಲಿ ಸುತ್ತಿ, ಭಾವನ ತೊಡೆಯ ಮೇಲೆ ತಾನೇ ಇಟ್ಟ. ಮೇಲೆ ಮಣ್ಣು ಬಿತ್ತು.

ಆ ಮಣ್ಣಿನಡಿಯಿಂದ ಈಗ ಫೋನು. ನನ್ನ ಮೈಯ ರೋಮಗಳು ನೆಟ್ಟಗೆ ನಿಂತು ಅಂಗಿಯನ್ನೇ ಮೇಲಕ್ಕೆತ್ತಿದವು.

ಆ ನಂಬರಿಗೆ ನಾನೇ ತಿರುಗಿ ಫೋನು ಹಚ್ಚಿದೆ. ಸ್ವಿಚ್ ಆಫ್ ಎಂದಿತು ಧ್ವನಿಮುದ್ರಿತ ಹೆಣ್ಣಿನ ದನಿ, ಹಿಂದಿಯಲ್ಲಿ.

"ಈಗ ಬ್ಯಾರೆ ಹೆಣಮಗಳು ಮಾತಾಡ್ತಾಳ್ರಿ," ಎಂದರು ಸಂಗಮ್ಮನವರು. "ಮೊದಲಿನಾಕಿ ಮರಾಠಿದಾಗ ಚಂದ ಹೇಳ್ತಿದ್ಳು."

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದರೆ, ಬೇಕೆಂದೇ ಪಕ್ಕಕ್ಕಿಟ್ಟೆ.

* * *

ಮೊದಲು ಹೊಳೆದದ್ದು ಸರಳ ದಾರಿ. ರೀಚಾರ್ಜ್ ಇಲ್ಲದೆ ಸತ್ತ ನಂಬರನ್ನು ಕಂಪನಿ ಇನ್ನೊಬ್ಬರಿಗೆ ಕೊಡುತ್ತದೆ. ಯಾರೋ ಅಪರಿಚಿತ ತಪ್ಪಿ ಒತ್ತುತ್ತಿರಬಹುದು. ಆದರೆ ಅಪರಿಚಿತನಿಗೆ ಸೀರೆ ತಂದ ದಿನ ಹೇಗೆ ಗೊತ್ತಾಗಬೇಕು?

ಎರಡನೆಯ ಅನುಮಾನ ವರನ ಮೇಲೆ. ಸಂಬಂಧ ಬೇಡವಾಗಿ, ಬಾಯಿಬಿಟ್ಟು ಹೇಳಲಾರದೆ ಈ ಆಟ ಹೂಡಿರಬಹುದು. ನಾಸಿಕ ರೋಡಿನಲ್ಲಿ ರೈಲು ಹತ್ತಿದೆ. ಮನ್ಮಾಡ್ ಬರುವಷ್ಟರಲ್ಲಿ ಉತ್ಕರ್ಷನಿಗೆ ಕೈಕೋಳ ತೊಡಿಸಿಯಾಗಿತ್ತು, ಮನಸ್ಸಿನಲ್ಲಿ. ಔರಂಗಾಬಾದಿನಲ್ಲಿ ಇಳಿದಾಗ ಶಿಕ್ಷೆಯೂ ಆಗಿತ್ತು.

ಉತ್ಕರ್ಷ ವಾಳೂಜಿನ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ. ಎಣ್ಣೆ ಹತ್ತಿದ ಕೈ ತೊಳೆದು ನನ್ನೆದುರು ಕೂತ. ಅವನ ಮೊಬೈಲು ಟೀಪಾಯಿಯ ಮೇಲಿತ್ತು. ಇನ್ನೊಂದು ಫೋನು ಅವನಲ್ಲಿ ಇರಲಿಲ್ಲ. ಜೇಬು ತಡವಿ ನೋಡಿದೆ, ಅಪ್ಪಿಕೊಳ್ಳುವ ನೆಪದಲ್ಲಿ.

"ಸರ್, ಭಾಗ್ಯಾ ಎರಡು ದಿವಸದಿಂದ ಸರಿಯಾಗಿ ಮಾತಾಡ್ತಿಲ್ರಿ," ಎಂದ. "ನನ್ನಿಂದ ಏನರೆ ಚುಕ್ಲಂ ಕಾ? ಏನರೆ ತಪ್ಪಾಯ್ತಾ?"

ನಾನು ಉತ್ತರಿಸುವ ಮೊದಲೇ ನನ್ನ ಫೋನು ಹೊಡೆದುಕೊಂಡಿತು. ಭಾಗ್ಯಶ್ರೀ.

"ಕಾಕಾ, ಈಗ ಬಂತು. ಅವ್ವ ಇನ್ನಾ ಹಿಡಕೊಂಡೇ ಕೂತಾಳ."

ಉತ್ಕರ್ಷನ ಎರಡೂ ಕೈ ನನ್ನ ಕಣ್ಣೆದುರಿಗಿದ್ದವು. ಒಂದರಲ್ಲಿ ಚಹಾ, ಇನ್ನೊಂದರಲ್ಲಿ ಬಿಸ್ಕೀಟು.

"ನಾನು ಇಲ್ಲಿಗೆ ಬಂದದ್ದು ಯಾರಿಗೆ ಹೇಳೀರಿ?" ಎಂದು ಭಾಗ್ಯಶ್ರೀಯನ್ನು ಕೇಳಿದೆ.

"ಯಾರಿಗೂ ಇಲ್ಲ. ಶಿವಕಾಂತ ಮಾಮಾಗ ಅಷ್ಟೇ."

ಕೈಕೋಳ ಬಿಚ್ಚಿದೆ. ಖುಲ್ತಾಬಾದಿನ ದರ್ಗಾದ ಕಡೆಯಿಂದ ಬಂದ ಬಸ್ಸೊಂದು ಕಿಟಕಿಯಾಚೆ ಧೂಳೆಬ್ಬಿಸಿ ಹೋಯಿತು. ವಾಪಸು ರೈಲಿನಲ್ಲಿ ನನಗೆ ಒಂದೇ ಯೋಚನೆ. ವಿಶ್ವನಾಥಪ್ಪನವರು ನಿಜವಾಗಿಯೂ ಮಣ್ಣಿನಡಿ ಎಚ್ಚರವಾಗಿದ್ದರೆ? ಬೋಗಿಯಲ್ಲಿ ಯಾರ ಮೊಬೈಲು ಕೂಗಿದರೂ ಕತ್ತು ತಿರುಗಿಸುತ್ತಿದ್ದೆ.

* * *

ಮರುದಿನ ಭಾಗ್ಯಶ್ರೀಯನ್ನು ಕರೆದುಕೊಂಡು ತುಕಾರಾಮನ ಮೊಬೈಲ್ ಅಂಗಡಿಗೆ ಹೋದೆ. ತಾಯಿಯ ನಂಬರನ್ನು ಅಗ್ಗದ ಕಂಪನಿಗೆ ಬದಲಿಸೋಣ, ಅದರ ಜೊತೆ ಈ ಪೀಡೆಯ ಕರೆ ತಡೆಯುವ ದಾರಿಯನ್ನೂ ಕೇಳೋಣ ಎಂಬ ಲೆಕ್ಕ.

"ಸಿಮ್ ಕುಣಾಚ್ಯಾ ನಾವಾವರ್?" ಎಂದ ತುಕಾರಾಮ. ಸಿಮ್ಮು ಯಾರ ಹೆಸರಿನಲ್ಲಿದೆ?

"ಮಾಮಾನ ಹೆಸರಿನ್ಯಾಗ," ಎಂದಳು ಭಾಗ್ಯಶ್ರೀ.

"ಮಗ ತ್ಯಾಂನಾಚ್ ಆಣಾ." ಹಾಗಾದರೆ ಅವರನ್ನೇ ಕರೆತನ್ನಿ. ಅವರ ಆಧಾರ್ ಬೇಕು. ಅವರ ಮುಖದ ಫೋಟೋ ಇಲ್ಲೇ ತೆಗೆಯಬೇಕು.

"ಯಾಕ ಮಾಮಾನ ಹೆಸರಿನ್ಯಾಗ?" ಎಂದೆ ನಾನು.

"ನಾವು ಬೀದರಿನಿಂದ ಬಂದಾಗ ಇಲ್ಲಿ ರೇಶನ್ ಕಾರ್ಡ್ ಇದ್ದಿಲ್ಲ ಕಾಕಾ. ಊರಿನ ಸಿಮ್ಮಿಗಿ ರೋಮಿಂಗ್ ಭಾಳ ಬೀಳ್ತಿತ್ತಂತ. ಇಲ್ಲಿ ಮೊದಲು ಬಂದವರು ಮಾಮಾ. ಅಪ್ಪಂದು, ಅವ್ವಂದು, ಎಲ್ಲಾ ಮಾಮಾನೇ ತೊಗೊಂಡಿದ್ದು. ಆಮೇಲೆ ಯಾರೂ ಬದಲಿ ಮಾಡ್ಲೇ ಇಲ್ಲ."

ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಸಂಗಮ್ಮನವರ ಮಾತು ಈಗ ಕಿವಿಯೊಳಗೆ ಗಂಟೆ ಬಾರಿಸಿತು. ಬ್ಯಾರೆ ಹೆಣಮಗಳು ಮಾತಾಡ್ತಾಳ್ರಿ.

* * *

ಭಾನುವಾರ ಬೆಳಿಗ್ಗೆ ಶಿವಕಾಂತ ಬಂದ. ಪಿಂಪಳಗಾಂವ್ ಬಸವಂತಿನ ಮಾರುಕಟ್ಟೆಯಲ್ಲಿ ಈರುಳ್ಳಿ ದಲಾಲಿ. ಆ ವರ್ಷ ಈರುಳ್ಳಿ ಬಂಗಾರವಾಗಿತ್ತು. ಆದರೂ ಚಹಾ ಕುಡಿದ ಮೇಲೆ ಬಟ್ಟಲಿನ ತಳದ ಸಕ್ಕರೆಯನ್ನು ಚಮಚದಿಂದ ಕೆರೆದು ತಿನ್ನುವ ಮನುಷ್ಯ. ತಂಗಿಯ ಹಣೆ ನೋಡಿ ಕಣ್ಣು ಒರೆಸಿಕೊಂಡ.

"ಭಾವನಿಗಿ ಮನಸ್ಸಿಲ್ಲಂದ್ರ ಬಿಟ್ಟುಬಿಡವ್ವಾ. ಸತ್ತವರ ಮಾತು ಮೀರಬಾರ್ದು."

ನಾನು ಮಾತು ತಿರುಗಿಸಿದೆ. "ಏನಾರ ಅನ್ರಿ, ಈ ರೀಚಾರ್ಜ್ ರೇಟು ಏರಿದ ಮ್ಯಾಲೆ ನನ್ನಷ್ಟು ಸೋವಿ ಪ್ಲ್ಯಾನು ಇಡೀ ಮಹಾರಾಷ್ಟ್ರದಾಗ ಯಾರಿಗೂ ಸಿಕ್ಕಿಲ್ಲ."

ಶಿವಕಾಂತನ ಚಮಚ ನಿಂತಿತು. "ಯಾವ ಕಂಪನಿ?"

ಹೇಳಿದೆ. ಅವನು ಮೂಗು ಮುರಿದ.

"ಮೋಸ ಹೋಗೀರಿ ಪ್ರಭಾಕರಣ್ಣ. ನಾ ರೇಟು ಏರಿದ ವಾರದಾಗೇ ಕಂಪನಿ ಬದಲಿ ಮಾಡ್ದೆ. ನಂದು ನಿಮ್ಮ ಅರ್ಧಕ್ಕ ಬಿತ್ತು."

"ಸಾಧ್ಯ ಇಲ್ಲ ಬಿಡ್ರಿ."

"ಯಾಕಿಲ್ಲ? ಎರಡು ನಂಬರ್ ಜೋಡಿ ತಂದ್ರ ರೇಟಿನಾಗ ಸೂಟ್, ರಿಯಾಯ್ತಿ ಕೊಡ್ತಾರ. ದಲಾಲಿ ಸುಮ್ಮ ಮಾಡ್ತೀನೇನು ನಾ?"

"ಎರಡನೇದು ಯಾವ ನಂಬರ್ರಿ?"

ಶಿವಕಾಂತ ಚಮಚವನ್ನು ಬಟ್ಟಲಿನಲ್ಲೇ ಬಿಟ್ಟ.

ಗೋಡೆಯ ಮೇಲಿನ ವಿಶ್ವನಾಥಪ್ಪನವರ ಫೋಟೋದಿಂದ ಒಣಗಿದ ಹೂವಿನ ಎಸಳೊಂದು ಉದುರಿತು. ಯಾರೂ ಅತ್ತ ನೋಡಲಿಲ್ಲ. ನಾನು ಮಾತ್ರ ನೋಡಿದೆ.

"ಓಂಕಾರನ ನಂಬರ್ ಹಳೇ ಕಂಪನೀದೇ ಐತಿ, ನಿನ್ನೆ ಮಾತಾಡೀನಿ," ಎಂದೆ. ಓಂಕಾರ ಅವನ ಮಗ. "ನಿಮ್ಮ ಮನಿಯಾಗ ಇನ್ನೊಬ್ಬರಿಲ್ಲ. ನಾ ಹೇಳ್ಲ್ಯಾ? ವಿಶ್ವನಾಥಪ್ಪನವರಿಗೆ ಫೋನ್ ಹಚ್ಚಿದರ ಮೊದಲು ಮರಾಠಿ ದನಿ ಬರ್ತಿತ್ತು. ದರ ಏರಿದ ಮ್ಯಾಲೆ ಹಿಂದಿ ದನಿ ಬರತೈತಿ. ನಂಬರ್ ಅದೇ, ಕಂಪನಿ ಬ್ಯಾರೆ. ಸತ್ತವರು ರೇಟು ನೋಡಿ ಕಂಪನಿ ಬದಲಿಸಂಗಿಲ್ಲ. ರೊಕ್ಕ ತನ್ನ ಕಿಸೆದಿಂದ ಹೋಗೋನು ಬದಲಿಸತಾನ."

"ಸುಮ್ಮನ ಏನೇನೋ..."

"ಬದಲಿಸಾಕ ಆ ಸಿಮ್ಮಿನಿಂದಲೇ ಮೆಸೇಜ್ ಹೋಗಬೇಕು. ಅಂದರ ಸಿಮ್ಮು ಕುಣಿಯೊಳಗ ಹೋಗಿಲ್ಲ, ಖಾಲಿ ಮೊಬೈಲ್ ಹೋಗೈತಿ. ಕಡೀಗೆ ಮೊಬೈಲ್ ಮುಟ್ಟಿದವರು ನೀವು. ಹೊಸ ಕಂಪನಿಯವರು ಜೀವಂತ ಮನುಷ್ಯಾನ ಮುಖದ ಫೋಟೋ ತೆಗೀತಾರ, ಸಿಮ್ಮು ಯಾರ ಹೆಸರಿನ್ಯಾಗೈತೋ ಅವರದು. ಆ ಹೆಸರೂ ನಿಮ್ದೇ. ಮದಿವಿ ಮಾತು ಎತ್ತಿದ ದಿನಾನೂ ನಿಮಗ ಗೊತ್ತು. ನಾನು ಔರಂಗಾಬಾದಿಗೆ ಹೋದದ್ದು ಗೊತ್ತಿದ್ದದ್ದೂ ನಿಮಗ ಒಬ್ಬರಿಗೇ."

ಭಾಗ್ಯಶ್ರೀ ಕೈ ಚಾಚಿದಳು. "ಮಾಮಾ, ಫೋನ್ ದ್ಯಾ."

ಅವನು ಕೊಟ್ಟ. ಎರಡನೆಯ ಸಿಮ್ಮನ್ನು ಅವಳು ಚಾಲೂ ಮಾಡಿದಳು. ನಾನು ವಿಶ್ವನಾಥಪ್ಪನವರ ನಂಬರ್ ಒತ್ತಿದೆ. ಅವಳ ಅಂಗೈಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಅಪ್ಪನ ನಂಬರು ತನ್ನ ಕೈಯಲ್ಲಿ ನಡುಗುವುದನ್ನು ಅವಳು ನೋಡುತ್ತ ನಿಂತಳು. ಕಟ್ ಮಾಡಲು ನನಗೂ ಕೈ ಬರಲಿಲ್ಲ.

ಶಿವಕಾಂತ ನೆಲ ನೋಡುತ್ತ ಮಾತಾಡಿದ. "ಬ್ಯಾಲೆನ್ಸ್ ಇತ್ತು. ಮಣ್ಣಾಗ ಯಾಕ ಹಾಕ್ಬೇಕು ಅಂತ ಸಿಮ್ಮು ತೆಕ್ಕೊಂಡೆ. ಬ್ಯಾರೆ ಏನೂ ಮನಸ್ಸಿನಾಗ ಇದ್ದಿದ್ದಿಲ್ಲ. ಭಾಗ್ಯಾನ್ನ ಓಂಕಾರಗ ತರ್ಬೇಕು ಅಂತ ಆಸೆ ಇತ್ತು. ಆಕಿ ಒಲ್ಲೆ ಅಂದಳು. ಮಾಮಾ ಹೇಳಿದ್ರ ಕೇಳಲ್ಲ, ಅಪ್ಪ ಬ್ಯಾಡ ಅಂದ್ರ ಕೇಳ್ತಾಳ ಅಂತ..."

"ಅವ್ವ ಸತ್ತು ಹೋಗಿದ್ರ?" ಎಂದಳು ಭಾಗ್ಯಶ್ರೀ.

ನಾನು ಠಾಣೆಗೆ ಹೋಗಲು ಚಪ್ಪಲಿ ಹುಡುಕುತ್ತಿದ್ದೆ. ಸಂಗಮ್ಮನವರು ಕೈ ಎತ್ತಿ ತಡೆದರು. ಅವರ ಕಣ್ಣು ಶಿವಕಾಂತನ ಮೇಲಿತ್ತು.

"ಅಣ್ಣಾ, ನಾ ಮಾತಾಡಿದ್ದೆಲ್ಲಾ ಕೇಳೀಯೇನು?"

ನಾನು ಭಾಗ್ಯಶ್ರೀಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಸಂಗಮ್ಮನವರು ಆ ಉಸಿರಿನ ಜೊತೆ ಮಾತಾಡುತ್ತಿದ್ದರೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

"ಅವರಿದ್ದಾಗ ಅವರ ಮುಂದೂ ಆಡಲಾರದ ಮಾತು ಆಡೀನಿ ನಾ. ಕೇಳೀಯೇನು?"

"ಕೇಳೀನಿ," ಎಂದ ಶಿವಕಾಂತ.

"ಪ್ರತಿ ಸಲ ಕಡೀಗಿ ಏನ್ ಬೇಡ್ಕೊಂತಿದ್ದೆ, ಹೇಳು."

"ಒಮ್ಮೆ ಹೂಂ ಅನ್ರಿ ಅಂತಿದ್ದಿ. ಒಂದ್ ಸಲ ಹೂಂ ಅಂದ್ರ ಸಾಕು, ಮಗಳ ಮದಿವಿ ಮಾಡ್ತೀನಿ ಅಂತಿದ್ದಿ."

"ನೀ ಏನ್ ಮಾಡ್ತಿದ್ದಿ?"

"ಫೋನ್ ಇಡ್ತಿದ್ದೆ."

ಸಂಗಮ್ಮನವರು ಎದ್ದು ಅವನೆದುರು ಹೋಗಿ ನಿಂತರು. ಹಣೆಯ ಪಟ್ಟಿಯಲ್ಲಿ ಹಳೆಯ ರಕ್ತದ ಕಲೆ ಇತ್ತು.

"ಈಗ ಅನ್ನು."

ಅವನು ತಲೆ ಎತ್ತಲಿಲ್ಲ. ಅವರು ಕಾದರು. ನಾವೂ ಕಾದೆವು.

"ಹೂಂ," ಎಂದ ಶಿವಕಾಂತ. ಬಾವಿಯ ತಳದಿಂದ ಬಂದ ಹಾಗಿತ್ತು.

ಸಂಗಮ್ಮನವರು ಕಣ್ಣು ಮುಚ್ಚಿ ಆ ದನಿಯನ್ನು ಒಳಗೆ ಇಳಿಸಿಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು.

"ಔರಂಗಾಬಾದಿಗಿ ಫೋನ್ ಹಚ್ಚು. ನಿಮ್ಮಪ್ಪ ಹೂಂ ಅಂದ್ರು ಅಂತ ಹೇಳು."